ಸೆಪ್ಸಿಸ್: ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ಚಿಕಿತ್ಸೆ

ಸೋಂಕನ್ನು ಎದುರಿಸುವಾಗ ದೇಹದ ಪ್ರತಿಕ್ರಿಯೆ ಹದ ತಪ್ಪಿ, ಅದೇ ದೇಹದ ಮೂತ್ರಪಿಂಡ, ಶ್ವಾಸಕೋಶ, ಯಕೃತ್ತು, ಮಿದುಳುಗಳನ್ನು ಕೆಡಿಸತೊಡಗಿದಾಗ ಉಂಟಾಗುವ ಪ್ರಾಣಾಪಾಯದ ಸ್ಥಿತಿ ಸೆಪ್ಸಿಸ್. ಮಂಡ್ಯ, ಮೈಸೂರು ಸೀಮೆಯ ಜನ ಇದನ್ನು ರಕ್ತಕ್ಕೆ ನಂಜಾಗಿದೆ, ನಂಜೇರಿದೆ ಎನ್ನುತ್ತಾರೆ. ಬ್ಯಾಕ್ಟೀರಿಯಾದಿಂದ ಬಂದ ಸೆಪ್ಸಿಸ್‌ಗೆ ಮೂಲ ಔಷಧಿ ಆಂಟಿಬಯೋಟಿಕ್ ಒಂದೇ. ಡ್ರಿಪ್, ಆಮ್ಲಜನಕ, ರಕ್ತದೊತ್ತಡ ಏರಿಸುವ ಔಷಧಿ, ಡಯಾಲಿಸಿಸ್ ಇವೆಲ್ಲ ಆ ಔಷಧಿ ಕೆಲಸ ಮಾಡುವ ತನಕ ರೋಗಿಯ ಜೀವ ಹಿಡಿದಿಡುವ ಉಪಾಯಗಳು. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಮಂದಿಗೆ ಸೆಪ್ಸಿಸ್ ಆಗಿ 1.1 ಕೋಟಿ ಮಂದಿ ಸತ್ತರೆಂದು 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಆ ವರ್ಷ ಸತ್ತವರಲ್ಲಿ ಐವರಿಗೊಬ್ಬರು ಹೀಗೆ ಹೋದವರು. ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ 2017ರಲ್ಲೇ ಸೆಪ್ಸಿಸ್ ಕುರಿತು ಪ್ರತ್ಯೇಕ ನಿರ್ಣಯ ಅಂಗೀಕರಿಸಿದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಸಕ್ಕರೆ ಕಾರ್ಖಾನೆ ಇರುವ ಊರು. ಸುತ್ತ ಕಬ್ಬು, ಭತ್ತ, ತೆಂಗು. ಇಲ್ಲಿ ಜ್ವರ ಜೋರಾದವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಕೆ.ಆರ್. ಪೇಟೆಯ ತಾಲ್ಲೂಕು ಆಸ್ಪತ್ರೆಗೋ ಹೋಗುತ್ತಾರೆ. ಅಲ್ಲಿಂದ ಮುಂದಕ್ಕೆ ಕಳಿಸಿದರೆ ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಾದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಇಲ್ಲವೇ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಲ್ಲಿ ಆರಂಭವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಸೆಪ್ಸಿಸ್‌ನಲ್ಲಿ ಲೆಕ್ಕಕ್ಕೆ ಬರುವ ಮೊದಲ ಗಂಟೆ ಎಷ್ಟೋ ಸಲ ಈ ದಾರಿಯಲ್ಲೇ ಕಳೆದುಹೋಗುತ್ತದೆ. ದೊಡ್ಡ ಐಸಿಯುಗಳಲ್ಲಿ ಬರೆದ ನಿಯಮಗಳನ್ನು ತಾಲ್ಲೂಕು ಆಸ್ಪತ್ರೆಯ ಕಣ್ಣಿನಿಂದ ಮತ್ತೊಮ್ಮೆ ಓದಬೇಕಾದ ಅಗತ್ಯ ಹುಟ್ಟುವುದು ಇಲ್ಲಿ.

ಗುರುತಿಸುವುದು

2016ರಲ್ಲಿ ಒಪ್ಪಿತವಾದ ವ್ಯಾಖ್ಯೆಯಂತೆ ಸೋಂಕಿನ ಜೊತೆಗೆ ಅಂಗವೈಫಲ್ಯ ಕಂಡುಬಂದರೆ ಅದು ಸೆಪ್ಸಿಸ್. ಉಸಿರಾಟ, ರಕ್ತದೊತ್ತಡ, ಪ್ರಜ್ಞೆ, ಪ್ಲೇಟ್‌ಲೆಟ್, ಬಿಲಿರುಬಿನ್, ಕ್ರಿಯಾಟಿನಿನ್ ನೋಡಿ ಅಂಕ ಕೊಡುವ ಸೋಫಾ ಪಟ್ಟಿಯಲ್ಲಿ 2 ಅಥವಾ ಹೆಚ್ಚು ಅಂಕ ಏರಿದರೆ ಹಾಗೆ ತೀರ್ಮಾನಿಸುತ್ತಾರೆ. ಸಾಕಷ್ಟು ಡ್ರಿಪ್ ಕೊಟ್ಟ ಮೇಲೂ ಸರಾಸರಿ ರಕ್ತದೊತ್ತಡವನ್ನು 65ರಲ್ಲಿ ನಿಲ್ಲಿಸಲು ಔಷಧಿ ಬೇಕಾಗಿ, ರಕ್ತದ ಲ್ಯಾಕ್ಟೇಟ್ ಲೀಟರಿಗೆ 2 ಮಿಲಿಮೋಲ್ ದಾಟಿದ್ದರೆ ಅದು ಸೆಪ್ಟಿಕ್ ಶಾಕ್.

ಲ್ಯಾಕ್ಟೇಟ್ ಅಳೆಯುವ ಯಂತ್ರ ಇಲ್ಲದ ಕಡೆ ಬೆರಳೇ ಸಾಕ್ಷಿ. ರೋಗಿಯ ಬೆರಳತುದಿಯನ್ನು 10 ಸೆಕೆಂಡು ಒತ್ತಿ ಬಿಟ್ಟಾಗ ಕೆಂಪು ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತಸಂಚಾರ ಕುಂದಿದೆ ಎಂದರ್ಥ. ಲ್ಯಾಟಿನ್ ಅಮೆರಿಕದ ಐಸಿಯುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ–ಶಾಕ್ ಅಧ್ಯಯನದಲ್ಲಿ ಈ ಬರಿಗೈ ಪರೀಕ್ಷೆಯನ್ನು ನೆಚ್ಚಿ ಕೊಟ್ಟ ಚಿಕಿತ್ಸೆ ಲ್ಯಾಕ್ಟೇಟ್ ನೋಡಿ ಕೊಟ್ಟ ಚಿಕಿತ್ಸೆಗಿಂತ ಹಿಂದೆ ಬೀಳಲಿಲ್ಲ. ಮನೆಯವರಿಗೆ ಕಾಣುವ ಲಕ್ಷಣಗಳು ಇನ್ನೂ ಸರಳ: ಏದುಸಿರು, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಾತು ತಡಬಡಿಸುವುದು, ಎದ್ದು ಕೂರಲಾಗದ ಸುಸ್ತು. ಮುದುಕರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಜ್ವರವೇ ಇಲ್ಲದೆ ಹೀಗಾಗಬಹುದು. ಮೈ ಬಿಸಿ ಇಲ್ಲವೆಂದು ಬೆಳಗಿನವರೆಗೆ ಕಾಯುವುದರಿಂದ ಆಗುವ ನಷ್ಟ ದೊಡ್ಡದು.

ಎಷ್ಟು ಬೇಗ

ಕೆನಡಾದ ಆನಂದ್ ಕುಮಾರ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖವಾಗಿರುವ ಅಧ್ಯಯನಗಳಲ್ಲೊಂದು. ರಕ್ತದೊತ್ತಡ ಕುಸಿದ ಮೊದಲ ಗಂಟೆಯೊಳಗೆ ಸರಿಯಾದ ಆಂಟಿಬಯೋಟಿಕ್ ಪಡೆದವರಲ್ಲಿ ಸುಮಾರು ಶೇ 80 ಮಂದಿ ಉಳಿದರು. ಮೊದಲ ಆರು ಗಂಟೆಗಳಲ್ಲಿ ಒಂದೊಂದು ಗಂಟೆ ತಡವಾದಂತೆ ಉಳಿಯುವವರ ಪ್ರಮಾಣ ಸರಾಸರಿ ಶೇ 7.6ರಷ್ಟು ತಗ್ಗಿತು. ಅಂತರರಾಷ್ಟ್ರೀಯ ‘ಸರ್ವೈವಿಂಗ್ ಸೆಪ್ಸಿಸ್’ ಮಾರ್ಗಸೂಚಿ 2004ರಿಂದ ಹಲವು ಸಲ ಪರಿಷ್ಕರಣೆಗೊಂಡಿದೆ. ಅದರ 2021ರ ಆವೃತ್ತಿ ಶಾಕ್ ಇದ್ದರೆ, ಅಥವಾ ಸೆಪ್ಸಿಸ್ ಎಂಬುದು ಬಹುಮಟ್ಟಿಗೆ ಖಚಿತವಾಗಿದ್ದರೆ, ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಕೊಡಬೇಕೆನ್ನುತ್ತದೆ. ಶಾಕ್ ಇಲ್ಲದೆ ಅನುಮಾನವಷ್ಟೇ ಇದ್ದರೆ ಬೇಗನೆ ಪರೀಕ್ಷೆ ಮಾಡಿ, ಅನುಮಾನ ಉಳಿದರೆ ಮೂರು ಗಂಟೆಯೊಳಗೆ ಕೊಟ್ಟರಾಯಿತು.

ಈ ವ್ಯತ್ಯಾಸ ಬಹಳ ಮುಖ್ಯ. ಜ್ವರ ಬಂದವರಿಗೆಲ್ಲ ಬಾಗಿಲಲ್ಲೇ ದೊಡ್ಡ ಇಂಜೆಕ್ಷನ್ ಹಾಕುವುದಕ್ಕೆ ‘ಒಂದು ಗಂಟೆ’ಯ ನಿಯಮ ನೆಪವಾಗಬಾರದು. ನೆದರ್ಲೆಂಡ್ಸ್‌ನಲ್ಲಿ ಆಂಬುಲೆನ್ಸ್‌ನಲ್ಲೇ ಸೆಫ್ಟ್ರಿಯಾಕ್ಸೋನ್ ಕೊಟ್ಟು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 2,698 ರೋಗಿಗಳಿದ್ದ ಆ ಪ್ರಯೋಗದಲ್ಲಿ ಸಾವಿನ ಪ್ರಮಾಣ ಆಂಬುಲೆನ್ಸ್‌ನಲ್ಲೇ ಔಷಧಿ ಪಡೆದ, ಪಡೆಯದ ಎರಡೂ ಗುಂಪಿನಲ್ಲಿ ಶೇ 8ರ ಆಸುಪಾಸೇ ಇತ್ತು. ಆದರೆ ಅಲ್ಲಿನ ರೋಗಿಗಳಲ್ಲಿ ಹೆಚ್ಚಿನವರಿಗೆ ಶಾಕ್ ಇರಲಿಲ್ಲ, ಆಸ್ಪತ್ರೆಯೂ ಹತ್ತಿರವಿತ್ತು. ಕರ್ನಾಟಕದಲ್ಲಿ 2008ರ ನವೆಂಬರ್‌ನಿಂದ ಓಡುತ್ತಿರುವ 108 ಆಂಬುಲೆನ್ಸ್ ಕೆ.ಆರ್. ಪೇಟೆಯಿಂದ ಮಂಡ್ಯಕ್ಕೋ ಮೈಸೂರಿಗೋ ಮುಟ್ಟಲು ಒಂದು ಗಂಟೆಗೂ ಮೀರಿ ಹಿಡಿಯುತ್ತದೆ. ಅಲ್ಲಿ ಚೀಟಿ, ವಾರ್ಡು, ಮತ್ತೆ ಪರೀಕ್ಷೆ. ರಕ್ತದೊತ್ತಡ ಕುಸಿದ ರೋಗಿಯನ್ನು ಮೊದಲ ಡೋಸ್ ಕೊಡದೆ ಸಾಗಹಾಕಿದರೆ ಮೂರು ನಾಲ್ಕು ಗಂಟೆ ಕಳೆದಂತೆಯೇ ಸರಿ. ಅಂಥವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ಮೊದಲ ಡೋಸ್ ಹಾಕಿ, ಔಷಧಿಯ ಹೆಸರು, ಪ್ರಮಾಣ, ಹೊತ್ತು ಮೂರನ್ನೂ ರೆಫರಲ್ ಚೀಟಿಯಲ್ಲಿ ಬರೆದು ಕಳಿಸುವುದು ಈ ಸೀಮೆಯಲ್ಲಿ ಜೀವ ಉಳಿಸುವ ಅತಿ ಅಗ್ಗದ ಕೆಲಸ.

ಡ್ರಿಪ್ ವಿಷಯದಲ್ಲೂ ಒಂದು ಎಚ್ಚರ ಬೇಕು. ಮಾರ್ಗಸೂಚಿ ಮೊದಲ ಮೂರು ಗಂಟೆಯಲ್ಲಿ ಕಿಲೋ ತೂಕಕ್ಕೆ 30 ಮಿಲಿಲೀಟರ್ ದ್ರವ ಸೂಚಿಸುತ್ತದೆ. ಆದರೆ ವೆಂಟಿಲೇಟರ್ ಸುಲಭವಾಗಿ ಸಿಗದ ಜಾಂಬಿಯಾದ ಆಸ್ಪತ್ರೆಯೊಂದರಲ್ಲಿ ಹೆಚ್ಚು ದ್ರವ ಸುರಿಸಿದ ಗುಂಪಿನಲ್ಲಿ ಶೇ 48 ಮಂದಿ, ಎಂದಿನ ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ 33 ಮಂದಿ ಸತ್ತರೆಂದು 2017ರ ವರದಿ ಹೇಳುತ್ತದೆ. ಐಸಿಯು ದೂರವಿರುವಲ್ಲಿ ಶ್ವಾಸಕೋಶಕ್ಕೆ ನೀರು ತುಂಬದಂತೆ ನೋಡಿಕೊಂಡೇ ಡ್ರಿಪ್ ಓಡಿಸಬೇಕು.

ಯಾವ ಔಷಧಿ: ನೆಲ ಮತ್ತು ಕಾಲ ನೋಡಿ

ಮೊದಲ ಡೋಸ್ ಹಾಕುವಾಗ ರೋಗಾಣು ಯಾವುದೆಂದು ಗೊತ್ತಿರುವುದಿಲ್ಲ. ಆಯ್ಕೆ ಊಹೆಯದೇ, ಆ ಊಹೆ ಸ್ಥಳೀಯ ಅರಿವಿನ ಮೇಲೆ ನಿಂತಿರಬೇಕು. ‘ಪವರ್ ಜಾಸ್ತಿ’ ಇರುವ ಔಷಧಿಯೇ ಸರಿಯಾದ ಔಷಧಿ ಎಂಬ ನಂಬಿಕೆ ರೋಗಿಯ ಕಡೆಯವರಲ್ಲೂ ಕೆಲವು ವೈದ್ಯರಲ್ಲೂ ಇದೆ. ಅದು ಸುಳ್ಳೆಂದು ತೋರಿಸಲು ಮಂಡ್ಯ ಜಿಲ್ಲೆಯಂಥ ಕಡೆ ಒಂದು ಕಾಯಿಲೆ ಸಾಕು: ಸ್ಕ್ರಬ್ ಟೈಫಸ್.

ಹುಲ್ಲು, ಪೊದೆ, ಬದುಗಳಲ್ಲಿರುವ ಒಂದು ಬಗೆಯ ನುಸಿಯ ಮರಿ ಕಚ್ಚಿದಾಗ ಒರಿಯೆಂಟಿಯಾ ಸುಟ್ಸುಗಮುಷಿ ಎಂಬ ಬ್ಯಾಕ್ಟೀರಿಯಾ ಮೈ ಸೇರುತ್ತದೆ. ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ದಕ್ಷಿಣ ಭಾರತದಲ್ಲಿ ಇದರ ಹಾವಳಿ ಹೆಚ್ಚು; ಮಂಡ್ಯ, ಮೈಸೂರು ಸುತ್ತಿನ ಆಸ್ಪತ್ರೆಗಳಲ್ಲೂ ಇದನ್ನು ಗುರುತಿಸಿದ್ದಾರೆ. ವಾರ ಹಿಡಿದ ಜ್ವರ, ತಲೆನೋವು, ಇಳಿದ ಪ್ಲೇಟ್‌ಲೆಟ್, ಏರಿದ ಲಿವರ್ ಎಂಜೈಮ್. ಆಮೇಲೆ ಉಸಿರಾಟದ ತೊಂದರೆ, ಮೂತ್ರಪಿಂಡದ ಸೋಲು, ಶಾಕ್. ಡೆಂಗಿಯೆಂದು ತಪ್ಪಾಗಿ ತಿಳಿಯುವುದು ಸುಲಭ. ಕಂಕುಳು, ತೊಡೆಸಂದು, ಸೊಂಟ, ಸ್ತನದ ಕೆಳಭಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆಯೊಂದು ಕಂಡರೆ ರೋಗ ಬಹುಮಟ್ಟಿಗೆ ಖಚಿತ. ಬಟ್ಟೆ ಸರಿಸಿ ಹುಡುಕದಿದ್ದರೆ ಅದು ಕಾಣದು. ಈ ರೋಗಾಣು ಜೀವಕೋಶದ ಒಳಗೆ ಅಡಗಿ ಬೆಳೆಯುವಂಥದ್ದು. ಮಾಮೂಲು ಕಲ್ಚರ್ ಬಾಟಲಿಯಲ್ಲಿ ಬೆಳೆಯುವುದಿಲ್ಲ, ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್‌ಗಳು ಇದಕ್ಕೆ ನಾಟುವುದಿಲ್ಲ. ಕೆಲವೇ ರೂಪಾಯಿಯ ಡಾಕ್ಸಿಸೈಕ್ಲಿನ್‌ಗೆ ಇದು ಮಣಿಯುತ್ತದೆ. ಗರ್ಭಿಣಿಯರಿಗೆ ಅಜಿತ್ರೊಮೈಸಿನ್ ಕೊಡುವುದು ರೂಢಿ. ತೀವ್ರ ಸ್ಕ್ರಬ್ ಟೈಫಸ್ ಬಗ್ಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರ ಮುಂದಾಳುತನದಲ್ಲಿ ಭಾರತದ 7 ಆಸ್ಪತ್ರೆಗಳು ನಡೆಸಿದ ಅಧ್ಯಯನ 2023ರಲ್ಲಿ ಹೊರಬಂತು. 794 ರೋಗಿಗಳಲ್ಲಿ ಎರಡೂ ಔಷಧಿಗಳನ್ನು ರಕ್ತನಾಳದ ಮೂಲಕ ಒಟ್ಟಿಗೆ ಪಡೆದವರಲ್ಲಿ ಸಾವು, ಏಳನೇ ದಿನಕ್ಕೂ ತೀರದ ತೊಡಕು ಅಥವಾ ಐದನೇ ದಿನಕ್ಕೂ ಇಳಿಯದ ಜ್ವರ ಶೇ 33 ಮಂದಿಗೆ ಕಂಡರೆ, ಡಾಕ್ಸಿಸೈಕ್ಲಿನ್ ಒಂದನ್ನೇ ಪಡೆದವರಲ್ಲಿ ಶೇ 47, ಅಜಿತ್ರೊಮೈಸಿನ್ ಒಂದನ್ನೇ ಪಡೆದವರಲ್ಲಿ ಶೇ 48 ಮಂದಿಗೆ ಕಂಡಿತು. ಇಲ್ಲಿನ ರೋಗಿಗಳಿಂದಲೇ ಕಲಿತ ಪಾಠವಾದ್ದರಿಂದ ಪರದೇಶದ ಯಾವ ಮಾರ್ಗಸೂಚಿಗಿಂತಲೂ ಇದು ನಮಗೆ ಹತ್ತಿರ.

ಆದ್ದರಿಂದ ಗದ್ದೆ ಕೆಲಸದವರು, ದನ ಮೇಯಿಸುವವರು, ಕಬ್ಬು ಕಡಿಯುವವರು ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಕಾರಣ ತಿಳಿಯದ ಸೆಪ್ಸಿಸ್‌ನಿಂದ ಬಂದರೆ ಮೊದಲ ದಿನದ ಔಷಧಿಗಳಲ್ಲಿ ಡಾಕ್ಸಿಸೈಕ್ಲಿನ್ ಸೇರಿರಬೇಕು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರವೂ ಇದೇ ಕೆಲಸಗಾರರನ್ನು ಹಿಡಿಯುತ್ತದೆ: ಕಣ್ಣು ಕೆಂಪು, ಮೀನಖಂಡದ ನೋವು, ಕಾಮಾಲೆ, ಮೂತ್ರ ನಿಲ್ಲುವುದು. ಅದಕ್ಕೆ ಪೆನಿಸಿಲಿನ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್ ಮೂರೂ ಆಗುತ್ತವೆ. ಹೀಗಾಗಿ ಸೆಫ್ಟ್ರಿಯಾಕ್ಸೋನ್ ಜೊತೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ ಜೋಡಿ ಹಳ್ಳಿಗಾಡಿನ ಇಂಥ ಜ್ವರಗಳಿಂದಾದ ಸೆಪ್ಸಿಸ್‌ಗೆ ಇವತ್ತಿಗೂ ಗಟ್ಟಿ ಆರಂಭ.

ಕರಾವಳಿಗೆ ಇಳಿದರೆ ಲೆಕ್ಕ ಬದಲಾಗುತ್ತದೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಕಾಣಿಸಿಕೊಳ್ಳುತ್ತದೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಈ ಬಗ್ಗೆ ದೀರ್ಘಕಾಲ ಕೆಲಸ ಮಾಡಿದೆ. ಮಣ್ಣು, ಕೆಸರುನೀರಿನಲ್ಲಿರುವ ಬರ್ಖೋಲ್ಡೇರಿಯಾ ಸೂಡೋಮಲ್ಲೈ ಇದರ ರೋಗಾಣು. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು. ಶ್ವಾಸಕೋಶದಲ್ಲಿ ಕಂಡರೆ ಕ್ಷಯವೆಂದೂ ಲ್ಯಾಬಿನಲ್ಲಿ ಕಂಡರೆ ಸೂಡೋಮೊನಾಸ್ ಎಂದೂ ತಪ್ಪಾಗಿ ತಿಳಿಯುವ ಸಂಭವವಿದೆ. ಜೆಂಟಾಮೈಸಿನ್ ಇದಕ್ಕೆ ಸಾಮಾನ್ಯವಾಗಿ ನಾಟುವುದಿಲ್ಲ, ಸೆಫ್ಟ್ರಿಯಾಕ್ಸೋನ್ ಸಾಲದು. ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಎರಡು ವಾರವಾದರೂ ರಕ್ತನಾಳಕ್ಕೆ ಕೊಟ್ಟು, ಆಮೇಲೆ ಸುಮಾರು ಮೂರು ತಿಂಗಳು ಕೋ–ಟ್ರೈಮಾಕ್ಸಜೋಲ್ ಮಾತ್ರೆ ನುಂಗಿಸಬೇಕು. ಇನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ, ಮತ್ತು ಡೆಂಗಿ, ಎರಡೂ ವೈರಸ್‌ನವು; ಅವುಗಳಿಗೆ ಯಾವ ಆಂಟಿಬಯೋಟಿಕ್ಕೂ ಉಪಯೋಗವಿಲ್ಲ.

ಇಂಥ ಜ್ವರಗಳನ್ನು ಬಿಟ್ಟರೆ ಸೋಂಕಿನ ಜಾಗ ನೋಡಿ ಔಷಧಿ ನಿರ್ಧಾರವಾಗುತ್ತದೆ. ಮೂತ್ರದ ಸೋಂಕಿನಲ್ಲಿ ಇ ಕೋಲೈ, ಕ್ಲೆಬ್ಸಿಯೆಲ್ಲಾ, ನ್ಯುಮೋನಿಯಾದಲ್ಲಿ ನ್ಯುಮೊಕಾಕಸ್, ಸೋಗೆ ಗೀರಿದ ಗಾಯದಿಂದಲೋ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಿಂದಲೋ ಏರಿದ ನಂಜಿನಲ್ಲಿ ಸ್ಟೆಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್, ಕರುಳು ತೂತಾದರೆ ಹಲವು ಒಟ್ಟಿಗೆ. ಆಸ್ಪತ್ರೆಯಲ್ಲೇ ಹತ್ತಿದ ಸೋಂಕಾದರೆ ಅಸಿನೆಟೊಬ್ಯಾಕ್ಟರ್, ಸೂಡೋಮೊನಾಸ್‌ಗಳನ್ನು ಎಣಿಸಬೇಕು. ದೊಡ್ಡ ಔಷಧಿಯೇ ಬೇಕಾದ ಸಂದರ್ಭವೂ ಇದೆ: ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಇ ಕೋಲೈ, ಕ್ಲೆಬ್ಸಿಯೆಲ್ಲಾ ರಕ್ತದಲ್ಲಿದ್ದಾಗ ಪಿಪೆರಾಸಿಲಿನ್–ಟಾಜೊಬ್ಯಾಕ್ಟಮ್ ಪಡೆದವರಲ್ಲಿ 30 ದಿನದೊಳಗೆ ಶೇ 12.3, ಮೆರೋಪೆನೆಮ್ ಪಡೆದವರಲ್ಲಿ ಶೇ 3.7 ಮಂದಿ ಸತ್ತರೆಂದು 2018ರ ಮೆರಿನೊ ಅಧ್ಯಯನ ಕಂಡುಕೊಂಡಿತು.

ಔಷಧಿ ಎಂಥದ್ದಾದರೂ ಕೀವು ಒಳಗೇ ನಿಂತಿದ್ದರೆ ಗುಣವಾಗದು. ಬಾವು ಕೊಯ್ದು ಕೀವು ತೆಗೆಯುವುದು, ಕಲ್ಲು ಸಿಕ್ಕಿ ಕಟ್ಟಿಕೊಂಡ ಮೂತ್ರನಾಳಕ್ಕೆ ಸ್ಟೆಂಟ್ ಹಾಕುವುದು, ಕೊಳೆತ ಬೆರಳು ತೆಗೆಯುವುದು, ಹಳೆಯ ಕ್ಯಾನುಲಾ, ಕ್ಯಾತಿಟರ್ ಬದಲಿಸುವುದು ಚಿಕಿತ್ಸೆಯ ಅರ್ಧಭಾಗ.

ಕಲ್ಚರ್

ಆಂಟಿಬಯೋಟಿಕ್ ಹಾಕುವ ಮೊದಲು ಎರಡು ಬೇರೆ ಜಾಗಗಳಿಂದ ರಕ್ತ ತೆಗೆದು, ವಯಸ್ಕರಾದರೆ ಬಾಟಲಿಗೆ 8ರಿಂದ 10 ಮಿಲಿಲೀಟರ್‌ನಂತೆ ತುಂಬಬೇಕು. ಇದಕ್ಕಾಗಿ 45 ನಿಮಿಷಕ್ಕಿಂತ ಹೆಚ್ಚು ತಡವಾಗುವಂತಿದ್ದರೆ ಔಷಧಿಯೇ ಮೊದಲು. ಯಂತ್ರದಲ್ಲಿಟ್ಟ ಬಾಟಲಿಯಲ್ಲಿ ರೋಗಾಣು ಬೆಳೆದದ್ದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಿಳಿಯುತ್ತದೆ. ಯಾವ ಔಷಧಿಗೆ ಬಗ್ಗುತ್ತದೆಂಬ ವರದಿಗೆ ಮತ್ತೊಂದೆರಡು ದಿನ. ಬಾಟಲಿಯಲ್ಲಿ ರೋಗಾಣು ಬೆಳೆದ ಕೂಡಲೇ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಮ್ ಸ್ಟೇನ್ ಫಲಿತಾಂಶವನ್ನು ಲ್ಯಾಬಿನವರು ವಾರ್ಡಿಗೆ ಫೋನಿನಲ್ಲಿ ಹೇಳಿದರೆ ಒಂದು ಇಡೀ ದಿನ ಉಳಿಯುತ್ತದೆ.

ನಮ್ಮಲ್ಲಿ ಕಲ್ಚರ್‌ಗೆ ಕಳಿಸುವುದು ಅಪರೂಪ, ಕಳಿಸಿದರೂ ನಾಲ್ಕಾರು ಡೋಸ್ ಆದ ಮೇಲೆ. ಮೆಡಿಕಲ್ ಸ್ಟೋರಿನಿಂದ ಕೊಂಡ ಮಾತ್ರೆ, ಊರಿನ ಆರ್‌ಎಂಪಿ ‘ಡಾಕ್ಟರು’ ಹಾಕಿದ ಸೂಜಿ ಮೊದಲೇ ಮೈಯಲ್ಲಿರುತ್ತವೆ. ವರದಿ ‘ಬೆಳವಣಿಗೆ ಇಲ್ಲ’ ಎಂದು ಬಂದಾಗ ಔಷಧಿ ನಿಲ್ಲಿಸಲೂ ಧೈರ್ಯವಿಲ್ಲ, ಸಣ್ಣದಕ್ಕೆ ಇಳಿಯಲೂ ಆಧಾರವಿಲ್ಲ. ಕಲ್ಚರ್ ತಪ್ಪಿದ ರೋಗಿಯ ನಷ್ಟ ಅವನೊಬ್ಬನಿಗೇ ಮುಗಿಯದು: ತಾಲ್ಲೂಕಿನಲ್ಲಿ ಯಾವ ರೋಗಾಣು ಯಾವುದಕ್ಕೆ ಬಗ್ಗುತ್ತದೆಂಬ ಪಟ್ಟಿ ಇಂಥ ವರದಿಗಳಿಂದಲೇ ಕಟ್ಟಬೇಕಾದದ್ದು. ಕೆ.ಆರ್. ಪೇಟೆಯಲ್ಲಿ ತೆಗೆದ ಬಾಟಲಿ ಮಂಡ್ಯದ ಲ್ಯಾಬಿಗೆ ದಿನವೂ ಹೋಗಿ, ವರದಿ ಮರಳಿ ಬರುವ ವ್ಯವಸ್ಥೆಗೆ ಬೇಕಾದ್ದು ಒಂದು ವಾಹನ ಮತ್ತು ಒಬ್ಬ ಜವಾಬ್ದಾರಿಯುತ ಟೆಕ್ನೀಷಿಯನ್.

ಪ್ರಮಾಣ, ಅವಧಿ

ಸೆಪ್ಸಿಸ್‌ನಲ್ಲಿ ರಕ್ತನಾಳಗಳಿಂದ ದ್ರವ ಸೋರಿ ಔಷಧಿ ತೆಳುವಾಗುವುದರಿಂದ ಕ್ರಿಯಾಟಿನಿನ್ ಏರಿದ್ದರೂ ಮೊದಲ ಡೋಸ್ ಪೂರ್ತಿ ಕೊಡಬೇಕು. ಮೂತ್ರಪಿಂಡ ನೋಡಿ ಇಳಿಸುವುದು ಆಮೇಲಿನದು. ಪೆನಿಸಿಲಿನ್ ವಂಶದವು ರೋಗಾಣುವನ್ನು ಕೊಲ್ಲುವುದು ರಕ್ತದಲ್ಲಿ ಹೆಚ್ಚು ಹೊತ್ತು ನಿಂತಾಗ. ಅದಕ್ಕಾಗಿ ಅದೇ ಬಳಗದ ಮೆರೋಪೆನೆಮ್ ಅನ್ನು ಮೊದಲ ಡೋಸ್ ನಂತರ ಮೂರು ನಾಲ್ಕು ಗಂಟೆ ನಿಧಾನವಾಗಿ ಓಡಿಸುತ್ತಾರೆ. ಜೆಂಟಾಮೈಸಿನ್, ಅಮಿಕಾಸಿನ್‌ಗಳಿಗೆ ಎತ್ತರದ ಮಟ್ಟ ಮುಖ್ಯ. ದಿನಕ್ಕೊಂದೇ ದೊಡ್ಡ ಡೋಸ್.

48ರಿಂದ 72 ಗಂಟೆಗೆ ಮರುಪರಿಶೀಲನೆ ಕಡ್ಡಾಯ. ವರದಿ ಬಂದಿದ್ದರೆ ಅದಕ್ಕೆ ತಕ್ಕ ಕಿರಿದಾದ ಔಷಧಿಗೆ ಇಳಿಯಬೇಕು, ಸೋಂಕೇ ಅಲ್ಲವೆಂದಾದರೆ ನಿಲ್ಲಿಸಬೇಕು. ರಕ್ತದಲ್ಲಿ ರೋಗಾಣು ಸಿಕ್ಕವರಿಗೂ 7 ದಿನ ಸಾಕೇ, 14 ಬೇಕೇ ಎಂಬ ಪ್ರಶ್ನೆಗೆ 2024ರ ಬ್ಯಾಲೆನ್ಸ್ ಅಧ್ಯಯನ ಉತ್ತರಿಸಿದೆ. 3,608 ರೋಗಿಗಳಲ್ಲಿ 90 ದಿನದ ಸಾವು 7 ದಿನದ ಗುಂಪಿನಲ್ಲಿ ಶೇ 14.5, 14 ದಿನದ ಗುಂಪಿನಲ್ಲಿ ಶೇ 16.1. ಸ್ಟೆಫಿಲೊಕಾಕಸ್ ಆರಿಯಸ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಅವರಿಗೆ ಹೆಚ್ಚು ದಿನ ಬೇಕು. ಉಳಿದ ಬಹುತೇಕ ರೋಗಿಗಳಿಗೆ ‘ಕೋರ್ಸ್ ಮುಗಿಸಲೇಬೇಕು’ ಎಂದು ಎರಡು ವಾರ ಎಳೆಯುವ ರೂಢಿಗೆ ಈಗ ಆಧಾರ ಉಳಿದಿಲ್ಲ.

ಪ್ರತಿರೋಧ

ಆಕ್ಸ್‌ಫರ್ಡ್‌ನಲ್ಲಿ 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸನಿಗೆ ಪೆನಿಸಿಲಿನ್ ಕೊಟ್ಟರು. ಮುಖ, ನೆತ್ತಿ, ಶ್ವಾಸಕೋಶಕ್ಕೆ ಹರಡಿದ್ದ ನಂಜು ಕೆಲವೇ ದಿನಗಳಲ್ಲಿ ಇಳಿಯಿತು. ಅವನ ಮೂತ್ರದಿಂದ ಮತ್ತೆ ಬಸಿದು ಕೊಟ್ಟರೂ ಔಷಧಿ ಮುಗಿದುಹೋಗಿ ಮಾರ್ಚ್ 15ರಂದು ಅವನು ತೀರಿಕೊಂಡ. ಇಂದು ಔಷಧಿಗೆ ಬರವಿಲ್ಲ. ಬೆಂಗಳೂರಿನಲ್ಲೇ 1981ರಲ್ಲಿ ಸ್ಥಾಪನೆಯಾದ ಸರ್ಕಾರಿ ವಲಯದ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಇದೆ. ಬರ ಬಂದಿರುವುದು ಔಷಧಿಯ ಶಕ್ತಿಗೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜಾಲದ ಆಸ್ಪತ್ರೆಗಳಲ್ಲಿ ಮೆರೋಪೆನೆಮ್‌ನದೇ ಬಳಗದ ಇಮಿಪೆನೆಮ್‌ಗೆ ಬಗ್ಗುವ ಇ ಕೋಲೈ 2017ರಲ್ಲಿ ಶೇ 81ರಷ್ಟಿದ್ದದ್ದು 2023ಕ್ಕೆ ಸುಮಾರು ಶೇ 63ಕ್ಕೆ ಇಳಿದಿದೆ. ಕ್ಲೆಬ್ಸಿಯೆಲ್ಲಾದ ಸ್ಥಿತಿ ಇನ್ನೂ ಕೆಟ್ಟದು. ಇವು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳ ಅಂಕಿಗಳು. ಮಾಕವಳ್ಳಿಯ ಹೊಲದಿಂದ ನೇರವಾಗಿ ಬಂದ ರೋಗಿಗೆ ಇವನ್ನೇ ಹಚ್ಚಿ ಮೊದಲ ದಿನವೇ ಕೊಲಿಸ್ಟಿನ್‌ಗೆ ಕೈ ಹಾಕುವುದು ತಪ್ಪು. ಮೂತ್ರಪಿಂಡ ಕೆಡಿಸುವ ಆ ಹಳೆಯ ಔಷಧಿ ಬೇರೆ ದಾರಿ ಇಲ್ಲದಿದ್ದಾಗ ಮಾತ್ರ. ಕೋಳಿ, ಪಶು ಸಾಕಣೆಯಲ್ಲಿ ಅದರ ಬಳಕೆಯನ್ನು ಭಾರತ 2019ರಲ್ಲಿ ನಿಷೇಧಿಸಿತು.

ಮೂರನೇ ಪೀಳಿಗೆಯ ಸೆಫಲೊಸ್ಪೊರಿನ್, ಕಾರ್ಬಪೆನೆಮ್ ಮೊದಲಾದವನ್ನು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್‌1ಕ್ಕೆ ಸೇರಿಸಲಾಗಿದೆ. ಅಂಗಡಿಯವರು ವೈದ್ಯರ ಚೀಟಿ ನೋಡಿ, ರೋಗಿಯ ಹೆಸರು ಪ್ರತ್ಯೇಕ ಪುಸ್ತಕದಲ್ಲಿ ಬರೆದು, ಮೂರು ವರ್ಷ ಕಾಯ್ದಿಡಬೇಕು. ಕಾನೂನು ಚೆನ್ನಾಗಿದೆ; ಪಾಲನೆ ಬಿಗಿಯಾಗಬೇಕು.

ಬಾಣಂತಿ ಮತ್ತು ಕೂಸು

ಹೆರಿಗೆಯ ನಂಜು ಒಂದು ಕಾಲದಲ್ಲಿ ಮನೆಮನೆಯ ಭಯ. ಅದನ್ನು ತಡೆಯುವ ಪ್ರಯತ್ನದಲ್ಲಿ ಕರ್ನಾಟಕವೂ ಪಾಲುಗೊಂಡ ದೊಡ್ಡ ಕೆಲಸವೊಂದಿದೆ. ಸಹಜ ಹೆರಿಗೆಗೆ ಬಂದ ತಾಯಂದಿರಿಗೆ 2 ಗ್ರಾಂ ಅಜಿತ್ರೊಮೈಸಿನ್ ಒಂದೇ ಸಲ ನುಂಗಿಸಿ ನೋಡಿದ ಎ–ಪ್ಲಸ್ ಅಧ್ಯಯನದಲ್ಲಿ ಬೆಳಗಾವಿಯೂ ಒಂದು ಕೇಂದ್ರ. ಏಳು ದೇಶಗಳ 29 ಸಾವಿರಕ್ಕೂ ಹೆಚ್ಚು ತಾಯಂದಿರಲ್ಲಿ ಸೆಪ್ಸಿಸ್ ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯಿತೆಂದು 2023ರಲ್ಲಿ ವರದಿಯಾಯಿತು. ಕೂಸುಗಳಿಗೆ ಮಾತ್ರ ಇದರಿಂದ ಲಾಭ ಕಾಣಲಿಲ್ಲ.

ನವಜಾತ ಶಿಶುವಿನಲ್ಲಿ ಹಾಲು ಕುಡಿಯದಿರುವುದು, ಮೈ ತಣ್ಣಗಾಗುವುದು, ಎದೆಗುಂಡಿ ಒಳಸೆಳೆಯುವುದೇ ಸೆಪ್ಸಿಸ್‌ನ ಮೊದಲ ಗುರುತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೊದಲ ಚಿಕಿತ್ಸೆ ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ 13,530 ಶಿಶುಗಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರನೇ ಎರಡು ಭಾಗ ಸೆಪ್ಸಿಸ್ ಹುಟ್ಟಿದ 72 ಗಂಟೆಯೊಳಗೇ ಆಗಿತ್ತು, ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾಗಳೇ ಮುಂದಿದ್ದವು. ಹೆರಿಗೆ ಕೋಣೆಯ ಕೈ ತೊಳೆಯುವ ನಲ್ಲಿ, ತೊಟ್ಟಿಲ ಬಟ್ಟೆ, ಸಕ್ಷನ್ ಪೈಪುಗಳ ಶುಚಿತ್ವಕ್ಕೆ ಇಲ್ಲಿ ಔಷಧಿಯಷ್ಟೇ ಬೆಲೆ. ಶಿಶುಗಳಿಗೆ ಸೆಫ್ಟ್ರಿಯಾಕ್ಸೋನ್ ಅನ್ನು ಕ್ಯಾಲ್ಸಿಯಂ ಇರುವ ದ್ರವಗಳೊಂದಿಗೆ ಕೊಡಬಾರದು.

ಮನೆಗೆ ಮರಳಿದ ಮೇಲೆ

ಸೆಪ್ಸಿಸ್ ಗೆದ್ದವರಲ್ಲಿ ಹಲವರಿಗೆ ತಿಂಗಳುಗಟ್ಟಲೆ ಕೈಕಾಲಿನ ನಿಶ್ಶಕ್ತಿ, ಮರೆವು, ನಿದ್ರಾಹೀನತೆ ಇರುತ್ತವೆ. ಮೊದಲ ಮೂರು ತಿಂಗಳಲ್ಲಿ ಮತ್ತೆ ಸೋಂಕಾಗಿ ದಾಖಲಾಗುವವರೂ ಇದ್ದಾರೆ. ಸಕ್ಕರೆ ಹತೋಟಿ, ಕಾಲಿನ ಹುಣ್ಣಿನ ಆರೈಕೆ, ಕ್ರಿಯಾಟಿನಿನ್ ಮರುಪರೀಕ್ಷೆ, ಮುದುಕರಿಗೆ ನ್ಯುಮೊಕಾಕಸ್ ಲಸಿಕೆ ಆಗಲೇಬೇಕಾದವು. ಡಿಸ್ಚಾರ್ಜ್ ಕಾಗದದಲ್ಲಿ ಕಲ್ಚರ್ ವರದಿ, ಕೊಟ್ಟ ಆಂಟಿಬಯೋಟಿಕ್‌ಗಳ ಹೆಸರು ಮತ್ತು ದಿನಗಳು, ಯಾವುದಾದರೂ ಔಷಧಿ ಮೈಗೆ ಹಿಡಿಸದಿದ್ದರೆ ಆ ಸಂಗತಿ ಬರೆದಿರಬೇಕು. ಮುಂದಿನ ಸಲ ರಾತ್ರಿ ಡ್ಯೂಟಿಯಲ್ಲಿರುವ ವೈದ್ಯರು ಔಷಧಿ ಆರಿಸುವುದು ಅದನ್ನು ನೋಡಿಯೇ.